ಬ್ಯಾಂಡನ್ ಡ್ಯೂನ್ಸ್‌ಗೋ, ಸ್ಯಾಂಡ್ ವ್ಯಾಲಿಗೋ?

ಎರಡೂ ಅಮೆರಿಕದ ಗಾಲ್ಫ್ ರೆಸಾರ್ಟ್‌ಗಳು. ಎರಡರ ಹಿಂದೆಯೂ ಗ್ರೀಟಿಂಗ್ ಕಾರ್ಡ್ ಮಾರಿ ದುಡ್ಡು ಮಾಡಿದ ಮೈಕ್ ಕೈಸರ್ ಇದ್ದಾರೆ. ಕ್ಲಬ್ ಸದಸ್ಯತ್ವ ಬೇಕಿಲ್ಲ, ಆದರೆ ಗಾಡಿಯಿಲ್ಲದೆ ನಡೆದೇ ಆಡಬೇಕು. ಸಾರ್ವಜನಿಕ ಅಂದಮಾತ್ರಕ್ಕೆ ಅಗ್ಗ ಅಂದುಕೊಳ್ಳಬೇಡಿ. ಜೇಬಿಗೆ ಎರಡೂ ಭಾರವೇ. ಚಳಿಗಾಲದಲ್ಲಿ ಬ್ಯಾಂಡನ್ ದರ ಇಳಿಯುತ್ತದೆ, ಆಗ ವಿಸ್ಕಾನ್ಸಿನ್‌ನ ಸ್ಯಾಂಡ್ ವ್ಯಾಲಿಯಲ್ಲಿ ಹಿಮ.

ಶಿಕಾಗೋದಲ್ಲಿದ್ದರೆ ಸ್ಯಾಂಡ್ ವ್ಯಾಲಿಗೆ ಕಾರಿನಲ್ಲೇ ಹೋಗಿಬರಬಹುದು. ಒರೆಗಾನ್ ಕರಾವಳಿಯ ಬ್ಯಾಂಡನ್ ದೂರದ ಮೂಲೆ.

ಆಟದ ಮಾತಿಗೆ ಬಂದರೆ, ಬ್ಯಾಂಡನ್‌ನ ಪೆಸಿಫಿಕ್ ಡ್ಯೂನ್ಸ್ ಅಂಕಣದಲ್ಲಿ (2001, ಟಾಮ್ ಡೋಕ್ ವಿನ್ಯಾಸ) ಕಡಲಗಾಳಿಯೇ ಎದುರಾಳಿ. ಚೆಂಡು ಎತ್ತರಿಸಿದಿರೋ, ಕೆಟ್ಟಿರಿ, ನೆಲಕ್ಕಂಟಿ ಉರುಳಿಸಬೇಕು. ದಾರಿ ತಪ್ಪಿದರೆ ಹಳದಿ ಹೂವಿನ ಗಾರ್ಸ್ ಮುಳ್ಳುಪೊದೆ. ಅದರೊಳಗೆ ಕೈ ಹಾಕದಿರುವುದೇ ಕ್ಷೇಮ. ಸ್ಯಾಂಡ್ ವ್ಯಾಲಿಯ ಮ್ಯಾಮತ್ ಡ್ಯೂನ್ಸ್ ಅಂಕಣ (2018) ಹೊಸಬರಿಗೆ ಸಲೀಸು: ಫೇರ್‌ವೇಗಳು (ಚೆಂಡು ಸಾಗಬೇಕಾದ ಹುಲ್ಲುಹಾದಿಗಳು) ಮೈದಾನದಷ್ಟು ಅಗಲ. ಸಮುದ್ರವಂತೂ ಇಲ್ಲ.