ಫ್ಲಶ್‌ಗೆ ಒಂದೇ ಎಲೆ ಬಾಕಿ: ಕಾಲ್ ಮಾಡುವುದೋ, ಪಣ ಏರಿಸುವುದೋ?

ಲಾಸ್ ವೇಗಸ್‌ನ 1–3 ಡಾಲರ್ ಕಡ್ಡಾಯ ಪಣದ ಹೋಲ್ಡೆಮ್ ಪೋಕರ್ (ಕೈಯಲ್ಲಿ ಎರಡು ಎಲೆ, ನೆಲದಲ್ಲಿ ಎಲ್ಲರಿಗೂ ಸೇರಿದ ಐದು ಎಲೆ) ಟೇಬಲ್‌ಗಳಲ್ಲಿ ಎರಡೂ ಬಗೆಯಲ್ಲಿ ಆಡಿ ನೋಡಿದ್ದೇನೆ. ಫ್ಲಶ್‌ಗೆ (ಒಂದೇ ಜಾತಿಯ ಐದು ಎಲೆಗಳಿಗೆ) ಒಂದು ಎಲೆ ಕಡಿಮೆಯಿರುವಾಗ ಸುಮ್ಮನೆ ಕಾಲ್ ಮಾಡುವುದು, ಅಂದರೆ ಎದುರಾಳಿ ಹಾಕಿದಷ್ಟೇ ಹಾಕಿ ಮುಂದುವರಿಯುವುದು, ಒಂದು ದಾರಿ. ಪಣ ಏರಿಸಿ ಎದುರಾಳಿಯನ್ನು ಓಡಿಸಲು ನೋಡುವುದು ಇನ್ನೊಂದು. ಕಲಿಸುವವರು ಹೊಗಳುವುದು ಎರಡನೆಯದನ್ನು. ಸಣ್ಣ ಪಣದ ಆಟದಲ್ಲಿ ನನ್ನ ಮತ ಮೊದಲನೆಯದಕ್ಕೆ.

ರಮ್ಮಿಯಲ್ಲಿ ಬೇಕಾದ ಎಲೆಗೆ ಬಿಟ್ಟಿಯಾಗಿ ಕಾಯಬಹುದು. ಇಲ್ಲಿ ಕಾಯುವುದಕ್ಕೂ ದುಡ್ಡು. ಪಾಟ್‌ನಲ್ಲಿ (ಎಲ್ಲರೂ ಹಾಕಿದ ಪಣದ ರಾಶಿಯಲ್ಲಿ) 30 ಡಾಲರ್ ಇದೆ, ಫ್ಲಾಪ್ (ನೆಲದ ಮೊದಲ ಮೂರು ಎಲೆ) ಬಿದ್ದ ಮೇಲೆ ಎದುರಿನವನು 20 ಹಾಕಿದ ಎನ್ನಿ. ಕಾಣದ 47 ಎಲೆಗಳಲ್ಲಿ ನನಗೆ ಬೇಕಾದವು 9. ನಾಲ್ಕನೆಯ ಎಲೆಯಾದ ಟರ್ನ್‌ನಲ್ಲಿ ಬರುವ ಸಾಧ್ಯತೆ ಶೇ. 19. 20 ಹಾಕಿ ಒಟ್ಟು 70ರ ಪಾಟ್‌ಗೆ ಆಡುವುದರಿಂದ, ಕಾಲ್ ಗಿಟ್ಟಬೇಕಾದರೆ ಶೇ. 29ರಷ್ಟು ಬೇಕು. ಮೇಲ್ನೋಟಕ್ಕೆ ನಷ್ಟವೇ. ಆದರೆ ಎಲೆ ಬಂದಾಗ ಸರಾಸರಿ ಇನ್ನೊಂದು 35 ಡಾಲರ್ ವಸೂಲಾದರೆ ಲೆಕ್ಕ ಸರಿಹೋಗುತ್ತದೆ. ಒಂದು ಜೋಡಿ ಹಿಡಿದು ಕೊನೆಯ ಎಲೆಯಾದ ರಿವರ್‌ವರೆಗೂ ಜಗ್ಗದವರೇ ತುಂಬಿರುವ ಟೇಬಲ್‌ನಲ್ಲಿ, ಇಬ್ಬರ ಮುಂದೆಯೂ 200 ಡಾಲರ್ ಇದ್ದರೆ, ಅದು ಕಷ್ಟವಲ್ಲ. ಅವನ ಬಳಿ ಉಳಿದಿರುವುದು 40 ಡಾಲರ್ ಮಾತ್ರವಾದರೆ ನಾನು ಎಲೆ ಎಸೆಯುತ್ತೇನೆ. ಕ್ಯಾಸಿನೊ ಪಾಟ್‌ನಿಂದ ಎತ್ತಿಕೊಳ್ಳುವ ಪಾಲನ್ನೂ ಮರೆಯುವಂತಿಲ್ಲ.

ಅದೇ ಜಾಗದಲ್ಲಿ 70ಕ್ಕೆ ಏರಿಸಿದರೆ? 50 ಗೆಲ್ಲಲು 70 ಒಡ್ಡಿದಂತಾಯಿತು. ಮುಂದೆ ಎಲೆ ಕೂಡುವ ಆಸೆಯನ್ನು ಬದಿಗಿಟ್ಟರೆ, ಹತ್ತರಲ್ಲಿ ಸುಮಾರು ಆರು ಸಲ ಅವನು ಕೈಬಿಡಬೇಕು. ಆಸೆಯನ್ನು ಲೆಕ್ಕಕ್ಕೆ ಸೇರಿಸಿದರೆ ಅಷ್ಟು ಬೇಕಿಲ್ಲ, ನಿಜ. ಆದರೆ ರಜೆ ಕಳೆಯಲು ಬಂದು ಎಕ್ಕದ ಜೋಡಿ ಕೂಡಿಸಿಕೊಂಡವನು ಕೈಬಿಡುವುದೆಂದರೇನೆಂದೇ ಅರಿಯ. ಅಂಥವನನ್ನು ಹೆದರಿಸಹೋದರೆ ಅವನ ಪಾಟ್ ದೊಡ್ಡದಾಗುತ್ತದೆ, ಅಷ್ಟೆ.

ಏರಿಸುವುದಕ್ಕೆ ನಾನು ಉಳಿಸಿಕೊಂಡಿರುವ ಸಂದರ್ಭ ಎರಡು. ಕೈಯಲ್ಲಿ ಆಟೀನ್ 9, 8. ನೆಲದಲ್ಲಿ ಆಟೀನ್ 7, 6 ಮತ್ತು ಕಳಾವರ್ ರಾಣಿ. ಫ್ಲಶ್, ಸ್ಟ್ರೇಟ್ (ಸಾಲಾಗಿ ಬರುವ ಐದು ಅಂಕಿ) ಎರಡಕ್ಕೂ ಸೇರಿ 15 ಎಲೆಗಳು. ಟರ್ನ್, ರಿವರ್ ಎರಡನ್ನೂ ನೋಡಿದರೆ ಶೇ. 54. ಎದುರಿನವನದು ಬರೀ ಜೋಡಿಯಾದರೆ, ಅವನು ಬಿಟ್ಟರೂ ಬಿಡದಿದ್ದರೂ ನನಗೆ ಚಿಂತೆಯಿಲ್ಲ. ಇನ್ನೊಂದು, ಗಂಟೆಗಟ್ಟಲೆ ಎಲೆ ಎಸೆಯುತ್ತಲೇ ಕೂರುವ ನಿತ್ಯದ ಆಟಗಾರ ಎದುರಿಗಿದ್ದಾಗ. ಅವನು ಒಳ್ಳೆಯ ಜೋಡಿಯನ್ನೂ ಬಿಡಬಲ್ಲ.

ಯಾವ ಫ್ಲಶ್ ಎಂಬುದೂ ಮುಖ್ಯ. ಆ ಜಾತಿಯ ಎಕ್ಕ ನನ್ನ ಕೈಯಲ್ಲಿದ್ದರೆ ಐದು ಜನರಿರುವ ಪಾಟ್‌ನಲ್ಲೂ ಸಂತೋಷದಿಂದ ಕಾಲ್ ಮಾಡುತ್ತೇನೆ. 6, 5 ಹಿಡಿದು ಅದೇ ಗುಂಪಿನಲ್ಲಿ ಕಾದರೆ, ಎಲೆ ಬಂದ ದಿನವೇ ಬೇರೊಬ್ಬನ ದೊಡ್ಡ ಫ್ಲಶ್‌ಗೆ ಹೆಚ್ಚು ಕಳೆದುಕೊಳ್ಳುವುದು. ನಡುವಿನ ಒಂದೇ ಅಂಕಿಗೆ ಕಾಯುವ ಸ್ಟ್ರೇಟ್ ಅಂತೂ 47ರಲ್ಲಿ 4. ಅದಕ್ಕೆ ನಾನು ಡಾಲರ್ ಬಿಚ್ಚುವುದು ಬಲು ಅಪರೂಪ.