ಅಪಾಚೆ ರೋಲರ್: ಜಾವಾ ಗೊತ್ತಿದ್ದೋರು ಒಂದ್ಸಲ ನೋಡ್ಲೇಬೇಕು

ಬ್ಲಾಗ್ ಅಂದ್ರೆ ಎಲ್ರೂ ವರ್ಡ್‌ಪ್ರೆಸ್ ಅಂತಾರೆ, ಆದ್ರೆ ದಿನಾ ಜಾವಾ ಬರೆಯೋ ನನ್ನಂಥೋರಿಗೆ ಅದನ್ನ ಬರೆದಿರೋ ಪಿಎಚ್‌ಪಿ ಭಾಷೆ ಒಳಗೆ ಕೈ ಹಾಕೋದು ಕಷ್ಟ, ಅದಕ್ಕೇ ಜಾವಾದಲ್ಲೇ ಬರೆದ ಬ್ಲಾಗ್ ಸಾಫ್ಟ್‌ವೇರ್ ರೋಲರ್ ಹಾಕ್ಕೊಂಡೆ, ತುಂಬಾ ಇಷ್ಟ ಆಯ್ತು.

2002ರಲ್ಲಿ ಡೇವ್ ಜಾನ್ಸನ್ ಒಬ್ರೇ ಶುರು ಮಾಡಿದ್ದು ಇದು. ಆಮೇಲೆ ಜಾವಾ ಹುಟ್ಟುಹಾಕಿದ ಕಂಪನಿ ಸನ್ ಮೈಕ್ರೋಸಿಸ್ಟಮ್ಸ್ ತನ್ನ ಉದ್ಯೋಗಿಗಳ ಬ್ಲಾಗ್‌ಗಳನ್ನೆಲ್ಲ ಇದರ ಮೇಲೇ ನಡೆಸ್ತು, 2007ರಲ್ಲಿ ಅಪಾಚೆ ಅನ್ನೋ ಓಪನ್ ಸೋರ್ಸ್ ಸಂಸ್ಥೆಯ ಪೂರ್ಣ ಪ್ರಾಜೆಕ್ಟ್ ಆಯ್ತು. ಒಂದೇ ಇನ್‌ಸ್ಟಾಲ್‌ನಲ್ಲಿ ಎಷ್ಟೋ ಜನ ಎಷ್ಟೋ ಬ್ಲಾಗ್ ಇಟ್ಕೋಬಹುದು, ಅದೇ ಇದರ ದೊಡ್ಡ ಶಕ್ತಿ.

ಸೆಟಪ್‌ಗೆ ಟಾಮ್‌ಕ್ಯಾಟ್ (ಜಾವಾ ವೆಬ್ ಆ್ಯಪ್ ಓಡಿಸೋ ಸರ್ವರ್), ಮೈಎಸ್‌ಕ್ಯೂಎಲ್ ಡೇಟಾಬೇಸ್ ಸಾಕು. 6ನೇ ಆವೃತ್ತಿಗೆ ಜಾವಾ 11 ಬೇಕೇ ಬೇಕು. ಸೆಟ್ಟಿಂಗ್‌ಗಳಿರೋ ಒಂದು ಪ್ರಾಪರ್ಟೀಸ್ ಫೈಲ್ ಬರೆದು, ಇಡೀ ಆ್ಯಪ್ ಇರೋ ವಾರ್ (WAR) ಫೈಲನ್ನ ಟಾಮ್‌ಕ್ಯಾಟ್‌ಗೆ ಹಾಕಿದ್ರೆ ಡೇಟಾಬೇಸ್ ಟೇಬಲ್‌ಗಳನ್ನ ಅದೇ ಮಾಡ್ಕೊಳ್ಳುತ್ತೆ. ಆದ್ರೆ ಫೋಟೋ ಫೋಲ್ಡರು, ಸರ್ಚ್ ಇಂಡೆಕ್ಸ್ ಫೋಲ್ಡರು ಎರಡನ್ನೂ ಆ್ಯಪ್‌ನಿಂದ ಹೊರಗೇ ಇಡಿ, ದಯವಿಟ್ಟು, ಇಲ್ದಿದ್ರೆ ಮುಂದಿನ ಅಪ್‌ಗ್ರೇಡ್‌ನಲ್ಲಿ ಅಳಿಸಿ ಹೋಗಬಹುದು.

ಥೀಮ್ ಎಲ್ಲಾ ವೆಲಾಸಿಟಿ ಅನ್ನೋ ಸರಳ ಟೆಂಪ್ಲೇಟ್ ಭಾಷೆಲಿ ಇವೆ, ಒಂದು ಸಂಜೆಲಿ ಕಲೀಬಹುದು. ಕೋಡ್ ಓದೋಕೂ ಚೆನ್ನಾಗಿದೆ, ಸ್ಟ್ರಟ್ಸ್, ಸ್ಪ್ರಿಂಗ್, ಜೆಪಿಎ, ಲೂಸೀನ್ ಅನ್ನೋ ಜಾವಾ ತಂತ್ರಜ್ಞಾನಗಳೆಲ್ಲಾ ಒಂದೇ ಕಡೆ ಹೇಗೆ ಹೊಂದ್ಕೊಂಡಿವೆ ಅಂತ ನೋಡೋದೇ ಒಂದು ಪಾಠ, ಕಾಲೇಜ್ ಹುಡುಗ್ರು ಓದ್ಬೇಕು.

ಕೊರತೆ ಅಂದ್ರೆ, ವರ್ಡ್‌ಪ್ರೆಸ್ ಥರ ರಾಶಿ ಪ್ಲಗಿನ್ ಸಿಗಲ್ಲ, ಅಗ್ಗದ ಶೇರ್ಡ್ ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಟಾಮ್‌ಕ್ಯಾಟ್ ಕೊಡಲ್ಲ, ವಿಪಿಎಸ್ (ನಮ್ಮದೇ ಹಿಡಿತದಲ್ಲಿರೋ ಬಾಡಿಗೆ ವರ್ಚುವಲ್ ಸರ್ವರ್) ತಗೋಬೇಕು. ನಿರ್ವಹಣೆ ಮಾಡೋರೆಲ್ಲ ಸ್ವಯಂಸೇವಕರು, ಹಳೇ ಲೈಬ್ರರಿಗಳನ್ನ ಒಂದೊಂದಾಗಿ ಬದಲಾಯಿಸೋದು ಹೊಸ ಫೀಚರ್ ಬರೆಯೋದಕ್ಕಿಂತ ದೊಡ್ಡ ಕೆಲ್ಸ, ಅವರ ಮೇಲೆ ನಂಗೆ ನಿಜವಾಗ್ಲೂ ಗೌರವ ಇದೆ. ಐದಕ್ಕೆ ನಾಲ್ಕು ಸ್ಟಾರ್.