ಹಳೇ ಟೇಕಾಲ್ ಮೋಟರಿಗೆ ಯಾವ ಕಂಟ್ರೋಲ್ ಸರಿ?

ಟೇಕಾಲ್ ಟಾರ್ಗೆಟ್ ಅನ್ನೋದು ಮಾದರಿ ದೋಣಿಗೆ ಹಾಕುವ ಹಳೇ ವಿದ್ಯುತ್ ಮೋಟರ್. ಇದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ತಾಮ್ರದ ಕಾಯಿಲ್, ತಿರುಗುವ ಭಾಗಕ್ಕೆ ಕರೆಂಟ್ ದಾಟಿಸುವ ಕಮ್ಯುಟೇಟರ್, ಅದಕ್ಕೆ ಒತ್ತಿಕೊಂಡ ಬ್ರಷ್, ಎಲ್ಲಾ ಕಣ್ಣಿಗೇ ಕಾಣುತ್ತವೆ. 1950ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಮಾದರಿ ದೋಣಿ ಕಟ್ಟುತ್ತಿದ್ದವರಿಗೆ ಇದು ಮನೆಮಾತು. ಹಳೇ ದೋಣಿಯೊಂದರ ಜೊತೆ ನನಗೂ ಒಂದು ಸಿಕ್ಕಿತು.

ಮೊದಲು ಈಗಿನ ಸ್ಪೀಡ್ ಕಂಟ್ರೋಲರ್‌ಗೆ ನೇರವಾಗಿ ಜೋಡಿಸಿದೆ. ಮುಂದಕ್ಕೆ ಚೆನ್ನಾಗಿ ಹೋಯಿತು. ರಿವರ್ಸ್ ಕೊಟ್ಟರೆ ಆಗಲೂ ಮುಂದಕ್ಕೇ ಹೋಗಿ ಕೆರೆಯ ದಡಕ್ಕೆ ಗುದ್ದಿತು! ಕಾರಣ ಇಷ್ಟೇ: ಇದರಲ್ಲಿ ಕಾಯಂ ಆಯಸ್ಕಾಂತ ಇಲ್ಲ, ಆ ಕೆಲಸ ಮಾಡುವುದು ಫೀಲ್ಡ್ ಕಾಯಿಲ್ ಅನ್ನುವ ತಂತಿ ಸುರುಳಿ. ರಿವರ್ಸ್‌ಗೆಂದು ಕಂಟ್ರೋಲರ್ ಪ್ಲಸ್ ಮೈನಸ್ ಅದಲುಬದಲು ಮಾಡಿದರೆ ಫೀಲ್ಡೂ, ತಿರುಗುವ ಭಾಗವಾದ ಆರ್ಮೇಚರೂ ಒಟ್ಟಿಗೇ ಬದಲಾಗುತ್ತವೆ. ತಿರುಗುವ ದಿಕ್ಕು ಮಾತ್ರ ಹಾಗೇ ಉಳಿಯುತ್ತದೆ.

ಆಮೇಲೆ ಹಳೇ ಕಾಲದ ದಾರಿ ಹಿಡಿದೆ. ಒಂದು ಸರ್ವೋ (ರಿಮೋಟ್ ಹೇಳಿದಂತೆ ತೋಳು ತಿರುಗಿಸುವ ಪುಟ್ಟ ಸಾಧನ) ಕರೆಂಟ್ ತಗ್ಗಿಸುವ ರೆಸಿಸ್ಟರ್ ಬೋರ್ಡಿನ ಮೇಲೆ ತೋಳು ಸರಿಸುತ್ತದೆ, ಇನ್ನೊಂದು ಸ್ವಿಚ್ ಒತ್ತಿ ಆರ್ಮೇಚರ್ ತಂತಿಗಳನ್ನು ಅದಲುಬದಲು ಮಾಡುತ್ತದೆ. ರಿವರ್ಸ್ ಬಂತು. ಆದರೆ ವೇಗ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ನಿಧಾನ ಹೋದಾಗ ಬ್ಯಾಟರಿಯ ಶಕ್ತಿ ಸುಮ್ನೆ ಬಿಸಿಯಾಗಿ ಹೋಗುತ್ತದೆ. ಪುಟ್ಟ ದೋಣಿಯಲ್ಲಿ ಜಾಗವೂ ಜಾಸ್ತಿ ಬೇಕು.

ನನಗೆ ಒಗ್ಗಿದ್ದು ಬ್ರಿಡ್ಜ್ ರೆಕ್ಟಿಫೈಯರ್, ಅಂದರೆ ಕರೆಂಟ್ ಯಾವ ದಿಕ್ಕಿನಿಂದ ಬಂದರೂ ಒಂದೇ ದಿಕ್ಕಿಗೆ ಕಳಿಸುವ ನಾಲ್ಕು ಡಯೋಡುಗಳ ಜೋಡಣೆ. ಫೀಲ್ಡ್ ಕಾಯಿಲ್ ಬ್ರಷ್‌ಗೆ ಸೇರುವ ಜಾಗದ ಬೆಸುಗೆ ಬಿಡಿಸಬೇಕು. ಅದಕ್ಕೂ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕಂಟ್ರೋಲರಿನ ಒಂದು ತಂತಿ ಒಂದು ಬ್ರಷ್‌ಗೆ. ಇನ್ನೊಂದು ಬ್ರಷ್‌ನಿಂದ ರೆಕ್ಟಿಫೈಯರಿನ ಒಂದು ಎಸಿ ಕಾಲಿಗೆ, ಮತ್ತೊಂದು ಎಸಿ ಕಾಲಿನಿಂದ ವಾಪಸ್ ಕಂಟ್ರೋಲರಿಗೆ. ಫೀಲ್ಡ್ ಕಾಯಿಲ್ ಪ್ಲಸ್ ಮೈನಸ್ ಕಾಲುಗಳ ನಡುವೆ. ಈಗ ಕರೆಂಟ್ ಯಾವ ಕಡೆಯಿಂದ ಬಂದರೂ ಫೀಲ್ಡಿಗೆ ಒಂದೇ ದಿಕ್ಕು, ಆರ್ಮೇಚರಿಗೆ ಮಾತ್ರ ಎರಡು.

ಮೊದಲ ಸಲ ಪ್ರೊಪೆಲ್ಲರ್ ನಿಂತು, ಹಿಂದಕ್ಕೆ ತಿರುಗಿ, ದೋಣಿ ಮೆಲ್ಲಗೆ ದಡ ಬಿಟ್ಟು ಸರಿದಾಗ ಆದ ಖುಷಿ ಅಷ್ಟಿಷ್ಟಲ್ಲ.

ಹೊಸ ಮೋಟರ್ ಹಾಕಿಯೂ ನೋಡಿದೆ. ಸದ್ದಿಲ್ಲ, ತೊಂದರೆಯಿಲ್ಲ. ಆದರೆ ಬ್ರಷ್‌ನ ನೀಲಿ ಕಿಡಿ, ಬಿಸಿ ಎಣ್ಣೆಯ ವಾಸನೆ ಇಲ್ಲದ ಮೇಲೆ ಅದು ಆ ದೋಣಿಯೇ ಅಲ್ಲ ಅನ್ನಿಸಿತು. ಬಿಚ್ಚಿಬಿಟ್ಟೆ.

ಬ್ರಷ್‌ಗಳ ನಡುವೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕುವುದು ಮರೆಯಬೇಡಿ, ಕಿಡಿಯಿಂದ ರೇಡಿಯೋಗೆ ಆಗುವ ತೊಂದರೆ ತಗ್ಗಿಸಲು. ರೆಕ್ಟಿಫೈಯರನ್ನು ಅಲ್ಯೂಮಿನಿಯಂ ಪಟ್ಟಿಗೆ ಬಿಗಿಯಿರಿ, ಬಿಸಿಯಾಗುತ್ತದೆ. ಸಾಮಾನ್ಯ ಸಿಲಿಕಾನ್ ಬ್ರಿಡ್ಜ್ ಸುಮಾರು 1.4 ವೋಲ್ಟ್ ತಿನ್ನುತ್ತದೆ. 12 ವೋಲ್ಟ್ ಬ್ಯಾಟರಿಯಲ್ಲಿ ಅದು ಅಷ್ಟು ಗೊತ್ತಾಗುವುದಿಲ್ಲ. 6 ವೋಲ್ಟ್ ಆದರೆ ಶಾಟ್ಕಿ ಡಯೋಡಿನ ಬ್ರಿಡ್ಜನ್ನೇ ಹಾಕಿ, ಅದರಲ್ಲಿ ನಷ್ಟ ಕಮ್ಮಿ.